ಉಸಿರು ಆಫ್

ರಾತ್ರಿ ಹನ್ನೊಂದೂ ನಲವತ್ತು. ಕೊನೇ ಬಸ್ಸು ಅವಳೊಬ್ಬಳನ್ನೇ ಇಳಿಸಿ, ಬಾಗಿಲು ಹಾಕಿಕೊಂಡು ಹೊರಟುಹೋಯಿತು. ಮುಂದೆ ಓಣಿ. ಓಣಿಯ ತಿರುವಿನಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಯಾರೂ ನೀರು ಸೇದದ ಬಾವಿ... ಆದರೂ ಎಲ್ಲೋ ತಳದಲ್ಲಿ ಹನಿ ಬೀಳುತ್ತಲೇ ಇರುತ್ತದೆ. ಟಪ್. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೆ... ಟಪ್.

ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗಳಿಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವ ಕೆಲಸ, ಹಾಗಾಗಿ ನಮಗೆಲ್ಲ ಇಸ್ತ್ರಿ ಅಕ್ಕ. "ದೆವ್ವ ಬಂದರೆ ಬರಲಿ ಬಿಡೇ, ಬಿಳೀ ಬಟ್ಟೆ ತಾನೆ, ಅದಕ್ಕೂ ಒಂದು ಇಸ್ತ್ರಿ ಎಳೆದು ಕಳಿಸ್ತೀನಿ" ಅನ್ನುತ್ತಿದ್ದ ಗಟ್ಟಿಗಿತ್ತಿ. ಈಗ ಹಾಗೆ ಅನ್ನುವುದಿಲ್ಲ.

ಬಾವಿಯ ಹತ್ತಿರ ಬಂದಾಗ ದಿನದಂತೆ ಫೋನ್ ತೆಗೆದಳು. ಪರದೆಯ ಮೇಲೆ ಮೂರು ಸಾಲು.

ದೀಪ, ಆನ್. ಫ್ಯಾನ್, ಆಫ್. ಉಸಿರು... ಆಫ್.

ಈ 'ಉಸಿರು' ಏನು ಅಂತ ಮೊದಲೇ ಹೇಳಿಬಿಡಬೇಕು. ಅಕ್ಕನ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತ್ತು. ಬಲಗೈ ಬಲಗಾಲು ಬಿದ್ದುಹೋಗಿತ್ತು. ಎದೆಯೂ ಸೋತು, ರಾತ್ರಿಯಿಡೀ ಮೂಗಿಗೆ ನಳಿಕೆ. ಮಂಚದ ಬುಡದಲ್ಲಿ ಬಾಡಿಗೆಗೆ ತಂದ ಆಕ್ಸಿಜನ್ ಮೆಷಿನ್ನು. ಗುರ್ರ್‌ರ್... ಫುಸ್. ಗುರ್ರ್‌ರ್... ಫುಸ್. ಗಂಡ ಬ್ರೆಡ್ ಕಾರ್ಖಾನೆಯವನು, ಹತ್ತೂವರೆಗೆ ಹೊರಟರೆ ಬರುವುದು ಬೆಳಗಾದ ಮೇಲೆ. ಅವನು ಹೋಗಿ ಅಕ್ಕ ಬರುವವರೆಗಿನ ಒಂದೂಕಾಲು ಗಂಟೆ ಅತ್ತೆ ಒಂಟಿ. ಆ ಒಂದೂಕಾಲು ಗಂಟೆ ಲಾಂಡ್ರಿಯಲ್ಲಿ, ಬಸ್ಸಿನಲ್ಲಿ ಅಕ್ಕನಿಗೂ ಉಸಿರು ನಿಂತಂತೆಯೇ.

ಮೈದುನನಿಗೆ ಫೋನ್ ರಿಪೇರಿ ಅಂಗಡಿ. ಅವನು ಒಂದು ಭಾನುವಾರ ಮೂರು ಸ್ಮಾರ್ಟ್ ಪ್ಲಗ್ಗು, ಮಾತು ಕೇಳುವ ಒಂದು ಪುಟ್ಟ ಸ್ಪೀಕರು ಹಿಡಿದುಕೊಂಡು ಬಂದ.

"ಅತ್ತಿಗೆ, ಇನ್ನು ನೀವು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಮನೇಲಿ ಏನು ಓಡ್ತಿದೆ ನೋಡಬಹುದು. ಬಾಯಲ್ಲಿ ಹೇಳಿದರೆ ಆನ್, ಬಾಯಲ್ಲಿ ಹೇಳಿದರೆ ಆಫ್."

"ನಿಮ್ಮಣ್ಣನಿಗೂ ಒಂದು ಪ್ಲಗ್ ಹಾಕಿಬಿಡು. ಹೇಳಿದ ಮಾತು ಕೇಳ್ತಾರಾ ನೋಡೋಣ."

"ಅದಕ್ಕೆ ಇನ್ನೂ ಕಂಪನಿ ಹುಟ್ಟಿಲ್ಲ ಅತ್ತಿಗೆ."

ಪ್ಲಗ್ಗುಗಳಿಗೆ ಹೆಸರಿಟ್ಟವನೂ ಅವನೇ. ದೀಪ, ಫ್ಯಾನ್, ಉಸಿರು. ಅಕ್ಕನಿಂದ ನಾಲ್ಕು ವಾಕ್ಯ ಓದಿಸಿ, ಅವಳ ದನಿಯನ್ನೂ ಸ್ಪೀಕರಿಗೆ ಗುರುತು ಮಾಡಿಸಿದ. ಆಮೇಲೆ ಮಕ್ಕಳ ಹಾಗೆ ಕಣ್ಣರಳಿಸಿ, "ಇನ್ನೊಂದು ಮಜಾ ನೋಡಿ. ಗಟ್ಟಿಯಾಗಿ ಹೇಳಿದರೆ ಗಟ್ಟಿಯಾಗಿ ಓಕೆ ಅನ್ನುತ್ತೆ. ಪಿಸುಗುಟ್ಟಿದರೆ ಅದೂ ಪಿಸುಗುಟ್ಟುತ್ತೆ. ತಾನಾಗಿ ಎಂದೂ ಪಿಸುಗುಟ್ಟಲ್ಲ" ಅಂದ.

ಉಸಿರಿನ ಮೆಷಿನ್ನನ್ನು ಇಂಥ ಪ್ಲಗ್ಗಿಗೆ ಸಿಕ್ಕಿಸಬಾರದು ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತಂತೆ. ಚೀಟಿ ಓದುವ ಜನವಲ್ಲ ನಮ್ಮದು.

ಬಾವಿಯ ಪಕ್ಕ ನಿಂತ ಅಕ್ಕ ಬೆರಳಿಂದ ಒತ್ತಿದಳು. ಉಸಿರು, ಆನ್. ಹೋದ ಜೀವ ಬಂತು. ಫೋನನ್ನು ಚೀಲಕ್ಕೆ ಹಾಕುವಷ್ಟರಲ್ಲಿ, ಅವಳ ಕಣ್ಣೆದುರೇ... ಆಫ್. ಮತ್ತೆ ಒತ್ತಿದಳು. ಆನ್. ಬಾವಿಯೊಳಗೆ ಟಪ್ ಅಂದಿತು.

ಆಫ್.

ಗಂಡನಿಗೆ ಫೋನ್ ಮಾಡಿದಳು. ಹಿಟ್ಟು ಕಲೆಸುವ ಯಂತ್ರದ ಗದ್ದಲದಲ್ಲಿ ಅವನಿಗೆಲ್ಲಿ ಕೇಳಬೇಕು. ಮೈದುನ ಎತ್ತಿದ.

"ಮನೇಲಿ ಯಾರೋ ಇದ್ದಾರೆ ಕಣೋ. ಉಸಿರು ಆಫ್ ಮಾಡ್ತಿದ್ದಾರೆ."

"ಅತ್ತಿಗೆ, ನೆಟ್ ಹೋಗಿ ಬಂದು ಮಾಡ್ತಿರುತ್ತೆ, ಗಾಬರಿ..."

"ನೀನು ಹೊರಡು ಮೊದಲು!"

ಓಡಿದಳು. ಹಿಮ್ಮಡಿ ಸವೆದ ಚಪ್ಪಲಿ ಓಣಿಯಲ್ಲೇ ಬಿಟ್ಟು ಓಡಿದಳು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗದ ಕೈ ಎರಡು ಸಲ ಬಿತ್ತು. ಬಾಗಿಲು ತೆರೆದಾಗ ಮೊದಲು ತಟ್ಟಿದ್ದು ಸದ್ದಲ್ಲ... ಸದ್ದಿಲ್ಲದಿರುವುದು. ಗುರ್ರ್ ಇಲ್ಲ. ಫುಸ್ ಇಲ್ಲ. ದೀಪದ ಮಂದ ಬೆಳಕಿನಲ್ಲಿ ಅತ್ತೆ ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೋಣೆಯಲ್ಲಿ ಇನ್ನು ಯಾರೂ ಇಲ್ಲ.

"ಉಸಿರು ಆನ್!" ಅಕ್ಕ ಕಿರುಚಿದಳು.

"ಓಕೆ" ಅಂತ ಸ್ಪೀಕರು ಗಟ್ಟಿಯಾಗಿ ಅಂದಿತು. ಟಿಕ್. ಗುರ್ರ್‌ರ್... ಫುಸ್.

ಅತ್ತೆಯ ತಲೆ ಎತ್ತಿ ಹಿಡಿದಳು. ನಳಿಕೆ ಸರಿಮಾಡಿದಳು. ಒಂದು ಉಸಿರು ಒಳಗೆ ಹೋಯಿತು. ಎರಡು. ಮೂರು... ಸ್ಪೀಕರಿನ ನೀಲಿ ಉಂಗುರ ತಾನೇ ತಾನಾಗಿ ಹೊತ್ತಿಕೊಂಡಿತು. ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ ಒಂದು ಗಳಿಗೆ ಸುತ್ತಿತು.

ಆಮೇಲೆ, ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ...

"ಓಕೆ."

ಟಿಕ್.

ಅಕ್ಕ ಮಂಚದ ಹಿಂದೆ ತೂರಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತೆಸೆದು, ಮೆಷಿನ್ನಿನ ತಂತಿಯನ್ನು ನೇರ ಸಾಕೆಟ್ಟಿಗೆ ಸಿಕ್ಕಿಸಿದಳು. ಸ್ಪೀಕರಿನ ತಂತಿಯನ್ನೂ ಎಳೆದಳು. ಅತ್ತೆಯ ತುಟಿಗೆ ಬಣ್ಣ ಬರುವವರೆಗೂ ಅವರ ಎಡಗೈಯನ್ನು ಎರಡೂ ಕೈಯಲ್ಲಿ ಉಜ್ಜುತ್ತಾ ಕೂತಳು. ಆ ಅತ್ತೆ ಸೊಸೆ ಎಣ್ಣೆ ಸೀಗೇಕಾಯಿ ಅಂತ ಊರಿಗೇ ಗೊತ್ತು. ಹದಿನಾಲ್ಕು ವರ್ಷದಲ್ಲಿ ಕೈಹಿಡಿದದ್ದು ಅದೇ ಮೊದಲು.

ಮೈದುನ ಏದುಸಿರು ಬಿಡುತ್ತಾ ಬಂದ. ಅಮ್ಮನನ್ನು ನೋಡಿದ, ಕಿಟಕಿ ನೋಡಿದ, ಹಿತ್ತಿಲ ಚಿಲಕ ನೋಡಿದ. ಎಲ್ಲ ಭದ್ರ. ಫೋನ್ ತೆಗೆದು ಸ್ಪೀಕರಿನ ದಾಖಲೆ ಬಿಚ್ಚಿದ. ಯಾರು ಯಾವಾಗ ಏನು ಹೇಳಿದರು ಎಲ್ಲವೂ ಅದರಲ್ಲಿ ಇರುತ್ತದಂತೆ. ನೋಡುತ್ತಾ ನೋಡುತ್ತಾ ಅವನ ಮುಖ ಸಪ್ಪಗಾಯಿತು.

"ಏನೋ?"

"ನಾಲ್ಕು ಸಲ ಆಫ್ ಅಂದಿದ್ದಾರೆ."

"ಯಾರು?"

ಅವನು ಫೋನನ್ನು ಅವಳತ್ತ ತಿರುಗಿಸಿದ. ನಾಲ್ಕೂ ಸಾಲಿನ ಮುಂದೆ, ಗುರುತು ಸಿಕ್ಕ ದನಿಯ ಹೆಸರು: ಅತ್ತಿಗೆ.

"ನಾನು ಬಾವಿ ಹತ್ತಿರ ಇದ್ದೆನಲ್ಲೋ! ಅಲ್ಲಿಂದಲೇ ನಿನಗೆ ಫೋನ್ ಮಾಡಿದ್ದು!"

"ಗೊತ್ತು." ಅವನ ದನಿ ಇಳಿದಿತ್ತು. "ಅದಕ್ಕೇ ಹೇಳ್ತಿರೋದು... ಇದನ್ನು ಅಣ್ಣ ನೋಡಬಾರದು."

ಮೊದಲನೆಯ ಸಾಲು ಒತ್ತಿ ಕೇಳಿಸಿದ. ಪಿಸುಮಾತು. ಪಕ್ಕದ ದಿಂಬಿನಿಂದ ಬಂದಷ್ಟು ಹತ್ತಿರ. "ಉಸಿರು ಆಫ್." ಎರಡನೆಯದು. ಮೂರನೆಯದು. ನಾಲ್ಕನೆಯದು, ಅಕ್ಕ ಕೋಣೆಯಲ್ಲೇ ನಿಂತಿದ್ದಾಗಿನದು. ಮೈದುನ ಕೇಳಿದ್ದು ಪಿಸುಮಾತನ್ನು ಮಾತ್ರ. ಅಕ್ಕ ಕೇಳಿದ್ದು ಅದರ ಹಿಂದಿನದನ್ನು. ಆ ನಾಲ್ಕನೆಯದರ ಹಿಂದೆ ಮೆಷಿನ್ನು ಗುರ್ರ್ ಅನ್ನಬೇಕಿತ್ತು, ಆಗ ಓಡುತ್ತಿತ್ತಲ್ಲ. ಅನ್ನಲಿಲ್ಲ. ಖಾಲಿ. ಆಳ. ಆಮೇಲೆ... ಟಪ್.

ಅವಳು ಅದನ್ನು ಮೈದುನನಿಗೆ ಹೇಳಲಿಲ್ಲ. ಅವನು ದಾಖಲೆ ಅಳಿಸಿದ. ಪ್ಲಗ್ಗು, ಸ್ಪೀಕರು ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಹೋದ. ಬೆಳಿಗ್ಗೆ ಗಂಡನಿಗೆ ಇಬ್ಬರೂ ಒಂದೇ ಮಾತು ಹೇಳಿದರು: ಪ್ಲಗ್ ಸುಟ್ಟುಹೋಗಿತ್ತು. ಅವನು ನಂಬಿದ. ನಂಬದಿದ್ದರೆ ಆ ಮನೆಯಲ್ಲಿ ಅವಳಿಗೆ ಉಳಿಗಾಲವಿರಲಿಲ್ಲ. ಮಾತು ಬಾರದ ಮುದುಕಿ, ಬೀಗ ಹಾಕಿದ ಮನೆ, ಸೊಸೆಯ ದನಿ... ಇನ್ನೇನು ಬೇಕು ಜನಕ್ಕೆ?

ನನಗೆ ಮಾತ್ರ ಅಷ್ಟನ್ನೂ ಹೇಳಿದಳು. ಇನ್ನೊಂದನ್ನೂ.

"ಅವತ್ತು ಬಸ್ಸಲ್ಲಿ ಬರ್ತಾ ಒಂದೇ ಒಂದ್ಸಲ ಅಂದ್ಕೊಂಡೆ ಕಣೇ. ಆ ಮೆಷಿನ್ ಸದ್ದು ನಿಂತುಹೋದರೆ ಸಾಕು, ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡ್ತೀನಿ ಅಂತ. ಮನಸ್ಸಲ್ಲಿ ಅಂದ್ಕೊಂಡದ್ದು. ಬಾಯಲ್ಲಿ ಅಂದಿಲ್ಲ. ಆಣೆ ಮಾಡ್ತೀನಿ, ಬಾಯಲ್ಲಿ ಅಂದಿಲ್ಲ."

ಈಗ ಅವಳು ಬೆಳಗಿನ ಪಾಳಿ ಕೇಳಿ ತೆಗೆದುಕೊಂಡಿದ್ದಾಳೆ. ರಾತ್ರಿ ಅತ್ತೆಯ ಮಂಚದ ಪಕ್ಕದಲ್ಲೇ ಇನ್ನೊಂದು ಮಂಚ ಹಾಕಿಕೊಂಡು ಮಲಗುತ್ತಾಳೆ. ಹೋದ ವರ್ಷ ಒಂದು ಊರಿಂದ ಇನ್ನೊಂದಕ್ಕೆ ಹಾರುವ ನಡುವೆ ಆ ಕೋಣೆಯಲ್ಲಿ ನಾನೂ ಒಂದು ರಾತ್ರಿ ಮಲಗಿದ್ದೆ. ಕಂಡಕಂಡ ದೇಶದ ಹೋಟೆಲುಗಳಲ್ಲಿ ಒಂಟಿಯಾಗಿ ಮಲಗಿದವಳು ನಾನು. ದೆವ್ವಕ್ಕಿಂತ ತಿಗಣೆ ನನ್ನನ್ನು ಹೆಚ್ಚು ಕಾಡಿದೆ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಅಕ್ಕನಿಗೆ ಗಾಢ ನಿದ್ದೆ. ನಡುರಾತ್ರಿಗೆ ಸ್ವಲ್ಪ ಮುಂಚೆ ಅತ್ತೆಯ ಎಡಗೈ ಹೊದಿಕೆಯಿಂದ ಹೊರಗೆ ಬಂತು. ತಡಕಲಿಲ್ಲ, ದಿನಾ ಹೋಗುವ ದಾರಿಯಲ್ಲಿ ಹೋದಂತೆ ನೆಟ್ಟಗೆ ಪಕ್ಕದ ಮಂಚಕ್ಕೆ ಹೋಗಿ, ಅಕ್ಕನ ಬಾಯಿಯ ಮೇಲೆ ಅಂಗೈ ಇಟ್ಟಿತು. ಒತ್ತಲಿಲ್ಲ. ಮುಚ್ಚಿತು, ಅಷ್ಟೇ. ಬೆಳಗಿನವರೆಗೂ ತೆಗೆಯಲಿಲ್ಲ.

ನೀವು ನಂಬಿ, ಬಿಡಿ. ನಾನು ಎದ್ದು ಕೂತು ನೋಡಿದ್ದೇನೆ. ಆ ಅಂಗೈಯ ಕೆಳಗೆ ಅಕ್ಕನ ತುಟಿ ಅಲ್ಲಾಡುತ್ತಲೇ ಇತ್ತು.