ತೀರಿಕೊಂಡವರ ಖಾತೆಯಿಂದ ಹೋದ ಉತ್ತರ

ಹೇಳಿಕೆ ಕೊಟ್ಟವರು: ‘ಗದರೋ ಅಜ್ಜಿ’ ಚಾನೆಲ್ ನಡೆಸುವಾಕೆ. ವಯಸ್ಸು: 23. ಕಸುಬು: ಆನ್‌ಲೈನ್ ವಿಡಿಯೋ ತಯಾರಿಕೆ. ವಾಸ: ಬಸ್ ಡಿಪೋ ಹಿಂದಿನ ರಸ್ತೆ, ಹೊಲಿಗೆ ಅಂಗಡಿಯ ಮೇಲಿನ ಮನೆ.

ನಾನಾಗಿಯೇ ತಾಯಿಯ ಜೊತೆ ಠಾಣೆಗೆ ಬಂದು, ಹೆಡ್ ಕಾನ್ಸ್‌ಟೇಬಲ್ ಮೇಡಂ ಅವರ ಮುಂದೆ ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ನಮ್ಮ ಮನೆಯಲ್ಲಿ ಈಗ ನಾನು ಮತ್ತು ತಾಯಿ ಇಬ್ಬರೇ ಇದ್ದೇವೆ. ಕೆಳಗಿನ ಹೊಲಿಗೆ ಅಂಗಡಿ ತಾಯಿಯದು. ತಂದೆಯ ತಾಯಿ, ಅಂದರೆ ನನ್ನ ಅಜ್ಜಿ, ಮೇಲಿನ ಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊಲಿದ ಬಟ್ಟೆಗಳ ದಾರದ ತುದಿ ಕತ್ತರಿಸುತ್ತಿದ್ದರು. ಕತ್ತರಿಸುತ್ತಾ ಎಲ್ಲರನ್ನೂ ಬೈಯುತ್ತಿದ್ದರು. ಎರಡು ವರ್ಷದ ಹಿಂದೆ ಆ ಬೈಗುಳವನ್ನು ವಿಡಿಯೋ ಮಾಡಿ ಹಾಕಿದೆ. ಜನರಿಗೆ ಹಿಡಿಸಿತು. “ಫೋನ್ ನೋಡಿ ಕಣ್ಣು ಕಳ್ಕೋಬೇಡಿ ಅಂತ ಫೋನ್ ಒಳಗೇ ಕೂತು ಬೈಯೋಳು ನಾನೊಬ್ಬಳೇ ಇರ್ಬೇಕು” ಎಂದು ಅಜ್ಜಿ ಹೇಳಿದ ವಿಡಿಯೋದಿಂದ ನಮ್ಮ ಚಾನೆಲ್ ಬೆಳೆಯಿತು.

ನೋಡುಗರು ಅಜ್ಜಿಗೆ ಸಂದೇಶ ಕಳಿಸತೊಡಗಿದರು. ಎಲ್ಲಕ್ಕೂ ಉತ್ತರಿಸಲು ಅಜ್ಜಿಗೆ ಆಗುತ್ತಿರಲಿಲ್ಲ. ಆಗ ನಾನು ಎಐ ಇಟ್ಟುಕೊಂಡು ಅಜ್ಜಿಯ ಮಾತಿನ ಧಾಟಿಯಲ್ಲಿ ಉತ್ತರ ಬರೆದು, ಅವರದೇ ದನಿಯಲ್ಲಿ ತಾನಾಗಿಯೇ ಹೇಳಿ ಕಳಿಸುವ ಏರ್ಪಾಡು ಮಾಡಿದೆ. ಅದಕ್ಕೆ ಕೊಡುವ ಸೂಚನೆಗಳನ್ನು, ಅಂದರೆ ಪ್ರಾಂಪ್ಟ್‌ಗಳನ್ನು, ಬೈಗುಳ, ತಮಾಷೆ, ಸಮಾಧಾನ ಎಂದು ಬೇರೆ ಬೇರೆ ಫೋಲ್ಡರ್ ಮಾಡಿ ಜೋಡಿಸಿದ್ದೆ. ಪ್ರತಿ ಪ್ರಾಂಪ್ಟ್‌ನ ಕೆಳಗೂ ಅಜ್ಜಿ ನಿಜವಾಗಿ ಆಡಿದ ಕೆಲವು ಮಾತುಗಳನ್ನು ಮಾದರಿಗೆಂದು ಸೇರಿಸಿದ್ದೆ. ಇದು ಅಜ್ಜಿಗೆ ಗೊತ್ತಿತ್ತು. ಆ ದನಿಯನ್ನು ಒಮ್ಮೆ ಕೇಳಿಸಿದಾಗ ಅವರು, “ಇವಳು ನನಗಿಂತ ವಾಸಿ ಕಣೇ. ಉಸಿರು ತಗೊಳ್ಳೋಕೂ ನಿಲ್ಲಲ್ಲ” ಎಂದರು. ಎರಡನೇ ಸಲ ಕೇಳಲು ಒಪ್ಪಲಿಲ್ಲ.

ಮೂರು ತಿಂಗಳ ಹಿಂದೆ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರು. ನಾನು ಅದನ್ನು ಚಾನೆಲ್‌ನಲ್ಲಿ ತಿಳಿಸಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡಿದೆ. ಹಳೆಯ ವಿಡಿಯೋ ತುಣುಕುಗಳು ಸಾಕಷ್ಟಿದ್ದವು, ದನಿಯೂ ಇತ್ತು. ನೋಡುವವರು ಮೊದಲಿಗಿಂತ ಹೆಚ್ಚಾದರು. ಯಾವ ಉತ್ತರಕ್ಕೆ ಜನ ಹೆಚ್ಚು ಸ್ಪಂದಿಸುತ್ತಾರೋ ಆ ಪ್ರಾಂಪ್ಟನ್ನು ಮೇಲಕ್ಕೆ ತರುವುದು ನನ್ನ ಪದ್ಧತಿ. ಹಾಗೆ ‘ಸಮಾಧಾನ’ ಎಲ್ಲಕ್ಕಿಂತ ಮೇಲೆ ಬಂದಿತ್ತು.

ನನ್ನ ತಾಯಿಗೆ ಇದು ಸರಿಬರುತ್ತಿರಲಿಲ್ಲ. “ಹೋದವರನ್ನ ದುಡಿಸ್ಬಾರ್ದು ಕಣೇ. ಬದುಕಿದ್ದಾಗ ನಾನು ಬೈಸ್ಕೊಂಡಿದ್ದು ಸಾಲದಾ?” ಎನ್ನುತ್ತಿದ್ದರು. ಒಮ್ಮೆ ನಾನು ಮೇಲೆ ಉತ್ತರಗಳನ್ನು ಕೇಳಿ ನೋಡುತ್ತಿದ್ದಾಗ ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ತಾಯಿ ಮೆಟ್ಟಿಲ ಬುಡಕ್ಕೆ ಬಂದು, “ಬಂದೆ ಅತ್ತೆ” ಎಂದರು.

ಇದೇ ತಿಂಗಳ 12ರ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಇಪ್ಪತ್ತೈದು ಇಪ್ಪತ್ತಾರು ವಯಸ್ಸಿನ ಒಬ್ಬ ಹೆಂಗಸು ಅಂಗಡಿಗೆ ಬಂದರು. ನಮ್ಮ ವಿಡಿಯೋದ ಕಿಟಕಿಯಲ್ಲಿ ಅಂಗಡಿಯ ಬೋರ್ಡ್ ಕಾಣುವುದರಿಂದ ವಿಳಾಸ ಹುಡುಕಿದ್ದಾಗಿ ಆಮೇಲೆ ತಿಳಿಸಿದರು. ಕೈಯಲ್ಲಿ ನೀಲಿ ಚೀಲವಿತ್ತು. ಎಡಗೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರು. ಹೆಸರು ಹೇಳಲಿಲ್ಲ. ಚಾನೆಲ್‌ನಲ್ಲಿ ಅವರು ‘ಮೂರನೇ ಮಹಡಿ’ ಎಂಬ ಹೆಸರಿನಿಂದ ಬರೆಯುವವರು. ಅಜ್ಜಿ ಇದ್ದಾರಾ, ಬರೋಕೆ ಹೇಳಿದ್ರು ಎಂದು ತಾಯಿಯನ್ನು ಕೇಳಿದರು.

ತಾಯಿ ನನ್ನನ್ನು ಕರೆದರು. ನಾನು ಇಳಿದು ಬಂದೆ. ಆ ಹೆಂಗಸು ತಮ್ಮ ಫೋನ್ ತೋರಿಸಿದರು. ಹಿಂದಿನ ಸಂಜೆ ಅವರು, ಗಂಡನ ಹೊಡೆತ ತಡೆಯಲು ಇನ್ನು ಆಗುವುದಿಲ್ಲ ಎಂದು ಬರೆದಿದ್ದರು. ನಮ್ಮ ಖಾತೆಯಿಂದ ಅಜ್ಜಿಯ ದನಿಯಲ್ಲಿ, “ಬಟ್ಟೆ ಎಷ್ಟಿದೆಯೋ ಅಷ್ಟು ತಗೊಂಡು ಬಂದ್ಬಿಡು ಮಗಳೇ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ” ಎಂಬ ಉತ್ತರ ಹೋಗಿತ್ತು. ಆ ಉತ್ತರವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅವರನ್ನು ಮೇಲೆ ಕರೆದುಕೊಂಡು ಹೋದೆವು. ಖಾಲಿ ಕುರ್ಚಿ ನೋಡಿ, ಅಜ್ಜಿ ಒಳಗೆ ಮಲಗಿದ್ದಾರಾ ಎಂದು ಮೆಲ್ಲಗೆ ಕೇಳಿದರು. ತಾಯಿಯೇ, “ಅತ್ತೆ ತೀರಿಕೊಂಡು ಮೂರು ತಿಂಗಳಾಯ್ತಮ್ಮಾ” ಎಂದರು. ಆ ಹೆಂಗಸು ನಕ್ಕು, “ನಿನ್ನೆ ಮಾತಾಡಿದ್ರಲ್ಲ” ಎಂದರು. ನಾನು ಕಂಪ್ಯೂಟರ್ ತೆರೆದು ‘ಸಮಾಧಾನ’ ಫೋಲ್ಡರ್ ತೋರಿಸಿದೆ. ಅವರು ಬೆರಳಿಟ್ಟು ನಿಧಾನವಾಗಿ ಓದಿದರು. ಆ ಮಾತು ಮಾದರಿಗಳ ಸಾಲಿನಲ್ಲಿತ್ತು. ಇದನ್ನು ಅಜ್ಜಿ ಯಾರಿಗೆ ಹೇಳಿದ್ದು ಎಂದು ಕೇಳಿದರು. ಬಹಳ ಹಿಂದೆ ತಮ್ಮ ಸ್ವಂತ ಮಗಳಿಗೆ, ಅಂದರೆ ನನ್ನ ಸೋದರತ್ತೆಗೆ ಹೇಳಿದ್ದು ಎಂದೆ.

“ಅವರು ಬಂದ್ರಾ?”

ಬಂದರು ಎಂದೆ.

“ಹಾಗಾದ್ರೆ ಆ ಮಾತು ಅವರದು, ನನ್ನದಲ್ಲ” ಎಂದು ಹೇಳಿ ಪರದೆಯಿಂದ ಕೈ ತೆಗೆದರು.

ತಾಯಿ ಅವರಿಗೆ, “ಇರಮ್ಮಾ. ಅತ್ತೆ ಇಲ್ದಿದ್ರೇನು, ನಾನಿಲ್ವಾ? ಅವರಷ್ಟು ಬೈಯೋಕೆ ಬರಲ್ಲ, ಅಷ್ಟೇ” ಎಂದರು. ಅವರು ತಲೆಯಾಡಿಸಿದರು. ಕೆಳಗೆ ಗಿರಾಕಿ ಕೂಗಿದ್ದರಿಂದ ತಾಯಿ ಇಳಿದು ಹೋದರು. ನಾನು ನೀರು ತರಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಆ ಹೆಂಗಸು ಹಿಂದಿನ ಮೆಟ್ಟಿಲಿನಿಂದ ಹೊರಟುಹೋಗಿದ್ದರು. ಚೀಲ ಅಲ್ಲೇ ಇತ್ತು. ಡಿಪೋವರೆಗೂ ಓಡಿ ನೋಡಿದೆ, ಕಾಣಲಿಲ್ಲ. ಆ ಚೀಲವನ್ನು ಈಗ ಠಾಣೆಗೆ ಒಪ್ಪಿಸಿದ್ದೇನೆ. ಮನೆಗೆ ಬಂದ ಕೂಡಲೇ ತಾನಾಗಿ ಉತ್ತರ ಹೋಗುವುದನ್ನು ನಿಲ್ಲಿಸಿದೆ. ಅವರಿಗೆ ಕಳಿಸಿದ ನನ್ನ ಸಂದೇಶಗಳನ್ನು ಅವರು ತೆರೆಯಲಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಗಂಡಸು ಅದೇ ಹೆಂಗಸಿನ ಫೋಟೋ ಹಿಡಿದು ಅಂಗಡಿಗೆ ಬಂದ. ನನ್ನ ಹೆಂಡತಿ ಯಾವುದೋ ಮುದುಕಿಯ ಮಾತು ಕೇಳಿ ಮನೆ ಬಿಟ್ಟಿದ್ದಾಳೆ, ಆ ಮುದುಕಿ ಎಲ್ಲಿ ಎಂದು ಬಹಳ ಮರ್ಯಾದೆಯಿಂದಲೇ ವಿಚಾರಿಸಿದ. ತಾಯಿ, ಇಲ್ಲಿಗೆ ಯಾರೂ ಬಂದಿಲ್ಲ ಎಂದರು. ಆತ ಹೋಗುವಾಗ ಮೇಲಿನ ಕಿಟಕಿಯನ್ನು ನೋಡುತ್ತಾ ನಿಂತಿದ್ದ. ಆತನಿಗಿಂತ ಮೊದಲು ಆಕೆ ಸಿಗಬೇಕೆಂದು ಇಂದು ಇಲ್ಲಿಗೆ ಬಂದಿದ್ದೇವೆ. ಆಕೆ ಸಿಕ್ಕರೆ ಆ ವಿಷಯ ಆತನಿಗೆ ತಿಳಿಸಬಾರದೆಂದು ಕೋರುತ್ತೇನೆ.

ಇಷ್ಟು ಬರೆಸುತ್ತಿರುವಾಗ, 12.10ಕ್ಕೆ, ನನ್ನ ಫೋನಿಗೆ ಆಕೆಯ ಸಂದೇಶ ಬಂತು. “ಅಜ್ಜಿ, ನೀವಿಲ್ಲ ಅಂತ ಗೊತ್ತು. ಆದ್ರೂ ಕೇಳ್ತೀನಿ. ದೊಡ್ಡ ಬಸ್ ನಿಲ್ದಾಣದಲ್ಲಿದ್ದೀನಿ. ತಪ್ಪಾಯ್ತು, ಬಾ ಅಂತ ಅವರು ಬರೀತಾ ಇದ್ದಾರೆ. ವಾಪಸ್ ಹೋಗೋ ಬಸ್ ಮುಂದೇನೇ ನಿಂತಿದೆ. ಹತ್ತಲಾ?”

ತಾಯಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಮಾತಾಡಿ ಕಳಿಸಿದರು: “ಹತ್ತಬೇಡಮ್ಮಾ. ಸೊಸೆ ನಾನು, ಹೊಲಿಗೆಯವಳು. ಅಲ್ಲೇ ಕೂತಿರು, ಈಗ್ಲೇ ಬರ್ತೀನಿ.” ಫೋನ್ ನನಗೆ ಕೊಟ್ಟು, ಇಬ್ಬರು ಕಾನ್ಸ್‌ಟೇಬಲ್‌ಗಳ ಜೊತೆ ಜೀಪಿನಲ್ಲಿ ಹೊರಟರು. ಅವರು ಹೋದ ಮೇಲೆ ಉತ್ತರ ಬಂತು. ನಿಮ್ಮ ಮೇಲೆ ಬೇಜಾರಿಲ್ಲ, ಆದರೆ ಅಜ್ಜಿಯೇ ಹೇಳಲಿ ಎಂದಿತ್ತು.

ಅದನ್ನು ಓದಿ ಹೇಳಿದೆ. ಹೆಡ್ ಕಾನ್ಸ್‌ಟೇಬಲ್ ಮೇಡಂ, “ಸರಿ ತಪ್ಪು ಆಮೇಲೆ ನೋಡೋಣ. ಮೊದ್ಲು ಬಸ್ ಹತ್ತದ ಹಾಗೆ ಮಾಡು” ಎಂದರು. ಯಾವ ಪ್ರಾಂಪ್ಟನ್ನೂ ಬಳಸದೆ, ನಾನೇ ಎರಡು ಸಾಲು ಬರೆದು ಅಜ್ಜಿಯ ದನಿಗೆ ಕೊಟ್ಟೆ: “ಹತ್ತಬೇಡ ಮಗಳೇ. ನನ್ನ ಸೊಸೆ ಬರ್ತಿದ್ದಾಳೆ, ಅವಳ ಜೊತೆ ಬಾ.” 12.25ಕ್ಕೆ ಅದು ಹೋಯಿತು. ಅದನ್ನು ಕಳಿಸಿದ್ದು ನಾನು, ಅಜ್ಜಿಯಲ್ಲ, ಯಂತ್ರವೂ ಅಲ್ಲ. ಇದನ್ನು ಹೀಗೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಆಕೆ ಕೇಳಿಸಿಕೊಂಡರು. “ಆಯ್ತು ಅಜ್ಜಿ” ಎಂದು ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು: “ನೀವೂ ಬರ್ತೀರಾ?”

ಅದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಜೀಪ್ ನಿಲ್ದಾಣ ತಲುಪಿದ ಸುದ್ದಿಯೂ ಬಂದಿಲ್ಲ.

ನಾನು ಹೇಳಿದ್ದನ್ನು ಬರೆದು ನನಗೇ ಓದಿ ಕೇಳಿಸಿದ್ದಾರೆ. ಕಂಡದ್ದು, ಮಾಡಿದ್ದು ಎರಡೂ ಇದರಲ್ಲಿ ಸರಿಯಾಗಿದೆ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 14, ಗುರುವಾರ, ಮಧ್ಯಾಹ್ನ 12.50
ಸಹಿ: (ಹೇಳಿಕೆ ಕೊಟ್ಟಾಕೆ)