ನೀರು ಕುಡಿದು ಬಾ ಅಂದಿದ್ರು

ಬಾಗಿಲು ಹಾಕಿದ್ದೀರಾ? ಸರಿ, ಕೂತ್ಕೊಳ್ಳಿ. ಇದು ನಮ್ಮ ಪಕ್ಕದ ಮನೆಯ ವರ್ನಾಗೆ ಆದದ್ದು. ಅರ್ಧ ಅವಳ ಬಾಯಿಂದಲೇ ಕೇಳಿದ್ದು... ಇನ್ನರ್ಧ ನಾನೇ ಕಣ್ಣಾರೆ ಕಂಡದ್ದು.

ವರ್ನಾ ಗುಡ್ಡದ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಯಾ. ಅಷ್ಟು ಹೊತ್ತಿಗೆ ಅಲ್ಲಿ ‘ಕೌಂಟಿ ಆಸ್ಪತ್ರೆ’, ಅಂದರೆ ಜಿಲ್ಲೆಯ ಆಸ್ಪತ್ರೆ, ಅಂತ ಬೋರ್ಡು ಬಿದ್ದಿತ್ತು. ಆದರೆ ನಮ್ಮ ಕಡೆ ಯಾರೂ ಅದನ್ನು ಆಸ್ಪತ್ರೆ ಅನ್ನುತ್ತಿರಲಿಲ್ಲ. ನಮ್ಮಜ್ಜನ ಕಾಲಕ್ಕೆ ಅದು ಬಡವರ ಮನೆ. ದಿಕ್ಕಿಲ್ಲದ ಮುದುಕರು, ಗರಗಸದ ಮಿಲ್ಲಿನಲ್ಲಿ ಕೈ ಕಳಕೊಂಡವರು, ಮದುವೆಗೆ ಮುಂಚೆ ಬಸುರಾದ ಹುಡುಗಿಯರು... ಎಲ್ಲರಿಗೂ ಅದೇ ಗತಿ. ಅಲ್ಲೇ ಹೊಲ ಉಳಬೇಕು, ಅಲ್ಲೇ ಹಸು ಕರೆಯಬೇಕು, ಅಲ್ಲೇ ಕಣ್ಣು ಮುಚ್ಚಬೇಕು. ಆಮೇಲೆ ಹಿಂದುಗಡೆ ಇಟ್ಟಿಗೆ ಕಟ್ಟಡ ಎದ್ದಿತು. ಕಿಟಕಿಗೆ ಕಂಬಿ ಬಂತು. ಹುಚ್ಚಾಸ್ಪತ್ರೆ ಆಯಿತು. ಕೊನೆಗೆ ಕಂಬಿಗೆ ಬಿಳಿ ಬಣ್ಣ ಬಳಿದು ಆಸ್ಪತ್ರೆ ಅಂದರು. ಹೆಸರು ಬದಲಾಗುತ್ತಾ ಬಂತೇ ಹೊರತು ಒಳಗೆ ಹೋಗುವ ಬಾಗಿಲು ಅದೇ ಇತ್ತು. ಮೆಕ್ಕೆಜೋಳದ ಹೊಲದಾಚೆ ಅಲ್ಲಿಯವರ ಸ್ಮಶಾನ. ಕಲ್ಲುಗಳ ಮೇಲೆ ಹೆಸರಿಲ್ಲ, ಬರೀ ನಂಬರು.

ಅಂಗಳದಲ್ಲಿ ಒಂದು ಬಾವಿ. ಮೇಲೆ ಹಲಗೆ ಮುಚ್ಚಿ ಕೈಪಂಪು ನಿಲ್ಲಿಸಿದ್ದರು. ನಲ್ಲಿ ನೀರು ಬಂದ ಮೇಲೆ ಅದರ ಹಿಡಿಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಉಳಿದದ್ದು ತುಕ್ಕು ಹಿಡಿದ ಕಬ್ಬಿಣದ ಮೋಟು ಕಂಬ.

ಆ ವರ್ಷ ಅಕ್ಟೋಬರಿನಲ್ಲೇ ಹಿಮ ಕಟ್ಟಿತ್ತು. ವರ್ನಾ ರಾತ್ರಿ ಪಾಳಿಯವಳಿಗೆ ಕೆಲಸ ಒಪ್ಪಿಸಿ, ಕೋಟಿನ ಕಾಲರು ಎತ್ತಿಕೊಂಡು ಮನೆ ಕಡೆ ಹೊರಟಿದ್ದಳು. ತಲೆ ತುಂಬ ಒಂದೇ ಚಿಂತೆ... ಅಮ್ಮ. ಹುಲ್ಡಮ್ಮನಿಗೆ ಅರಳುಮರಳು. ಮಗಳ ಗುರುತೂ ಸಿಗುತ್ತಿರಲಿಲ್ಲ. ಹಿಂದಿನ ವಾರ ನಡುರಾತ್ರಿ ಬರೀ ಒಳಲಂಗದಲ್ಲಿ ರಸ್ತೆಗಿಳಿದಿದ್ದಳು. ಹಾಲಿನ ಲಾರಿಯವನು ಬ್ರೇಕು ಹಾಕಿದ್ದಕ್ಕೆ ಜೀವ ಉಳಿದಿತ್ತು. ವರ್ನಾ ಗಂಡ ಸತ್ತವಳು, ದುಡಿಯದೆ ವಿಧಿಯಿಲ್ಲ. ಅಮ್ಮನನ್ನು ಗುಡ್ಡದ ಮನೆಗೇ ಸೇರಿಸೋಣ ಅಂತ ಅಣ್ಣ ಆರ್ನೋ ಹಟ ಹಿಡಿದಿದ್ದ. “ನೀನೇ ಅಲ್ಲಿ ಕೆಲಸಕ್ಕೆ ಇದ್ದೀಯಲ್ಲೇ. ಅಮ್ಮ ನಿನ್ನ ಕಣ್ಮುಂದೇನೇ ಇರ್ತಾಳೆ. ಇನ್ನೇನು ನಿನ್ನ ತಕರಾರು?” ವರ್ನಾಗೆ ಒಳಗಿನದೆಲ್ಲ ಗೊತ್ತಿತ್ತು. ಆದರೂ ಆ ಬೆಳಿಗ್ಗೆ ‘ಹೂಂ’ ಅಂದುಬಿಟ್ಟಿದ್ದಳು.

ಪಂಪು ದಾಟುವಾಗ ಹಿಂದಿನಿಂದ ಸದ್ದು.

ಕ್ರೀ... ಟಕ್.

ನಿಂತಳು. ಸದ್ದೂ ನಿಂತಿತು. ಎರಡು ಹೆಜ್ಜೆ ಹಾಕಿದಳು.

ಕ್ರೀ... ಟಕ್. ಕ್ರೀ... ಟಕ್.

ನೀರೆತ್ತುವ ಸದ್ದು. ಪಂಪಿಗೆ ಹಿಡಿಯೇ ಇಲ್ಲ... ಎಲ್ಲಿಂದ ಬಂತು ಸದ್ದು? ತಿರುಗಿದಳು. ಪಂಪಿನ ಪಕ್ಕ ಒಬ್ಬಳು ನಿಂತಿದ್ದಳು. ಹದಿನಾರು ಹದಿನೇಳರ ಹುಡುಗಿ. ಮೈಮೇಲೆ ಕೋಟಿಲ್ಲ, ಕಾಲಲ್ಲಿ ಜೋಡಿಲ್ಲ. ಯಾವುದೋ ವಾರ್ಡಿನಿಂದ ತಪ್ಪಿಸಿಕೊಂಡು ಬಂದವಳು ಅಂದುಕೊಂಡಳು ವರ್ನಾ. ಹತ್ತಿರ ಹೋಗಿ, ಬೆದರಿಸಬಾರದು ಅಂತ ಮೆಲ್ಲಗೆ ಕೇಳಿದಳು.

“ಯಾಕಮ್ಮ ಆಚೆ ಬಂದೆ? ಚಳಿಗೆ ಸತ್ತೋಗ್ತೀಯ.”

ಹುಡುಗಿ ರಸ್ತೆ ಕಡೆಯೇ ನೋಡುತ್ತಿದ್ದಳು. “ಗಾಡಿ ಹೋಯ್ತಾ?”

“ಯಾವ ಗಾಡಿ?”

“ನೀರು ಕುಡಿದು ಬಾ ಅಂದಿದ್ರು...” ಅವಳದು ಪಿಸುಮಾತು. “ಕುಡಿದೆ. ತಿರುಗಿ ನೋಡಿದ್ರೆ... ಗಾಡಿನೇ ಇಲ್ಲ.”

ವರ್ನಾ ಅವಳ ಕೈ ಹಿಡಿದು ಮೆಟ್ಟಿಲ ಕಡೆ ನಡೆಸಿದಳು. ಬಾವಿಯಿಂದ ಆಗಷ್ಟೇ ಸೇದಿದ ಹಗ್ಗದ ಹಾಗೆ ಆ ಕೈ ತಣ್ಣಗೆ, ಒದ್ದೆ. ಗಂಟೆ ಒತ್ತಿದಳು. ಒಳಗೆ ಚಪ್ಪಲಿ ಎಳೆದುಕೊಂಡು ಬರುವ ಸದ್ದು... ಚಿಲಕ ಕಳಚುವ ಸದ್ದು. ರಾತ್ರಿ ಪಾಳಿಯ ಮೇಲ್ವಿಚಾರಕಿ ಮಿಸೆಸ್ ಸ್ಟ್ರೂಬ್ ಬಾಗಿಲು ತೆರೆದಳು.

“ನಿಮ್ಮ ಹುಡುಗಿ ಆಚೆ ಇದ್ಲು ನೋಡಿ.”

“ಯಾವ ಹುಡುಗಿ?”

ವರ್ನಾ ಪಕ್ಕಕ್ಕೆ ನೋಡಿದಳು. ಯಾರೂ ಇಲ್ಲ. ಬೆರಳುಗಳು ಮಾತ್ರ ಇನ್ನೂ ಏನನ್ನೋ ಹಿಡಿದ ಹಾಗೇ ಮಡಚಿಕೊಂಡಿದ್ದವು. ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸ್ಟ್ರೂಬ್ ದೊಡ್ಡ ಗಂಟಲಿನವಳು. ಅವತ್ತು ದನಿ ಏರಲಿಲ್ಲ. “ಪಂಪಿನ ಹತ್ರಾನಾ?”

“ಹೂಂ.”

“ಮನೆಗೆ ಹೋಗು ವರ್ನಾ. ಹಿಂದೆ ತಿರುಗಬೇಡ. ನಾನಂತೂ ಕತ್ತಲಾದ್ಮೇಲೆ ಆ ಕಡೆ ಕಿಟಕೀನೇ ತೆಗೆಯಲ್ಲ.”

ಆ ರಾತ್ರಿ ವರ್ನಾ ನಿದ್ದೆ ಮಾಡಲಿಲ್ಲ. ಅಮ್ಮನ ಮಂಚದ ಪಕ್ಕ ಕೂತೇ ಬೆಳಗು ಮಾಡಿದಳು. ಬೆಳಿಗ್ಗೆ ಅಣ್ಣನಿಗೆ ಫೋನು ಮಾಡಿ ಹೇಳಿದರೆ ಅವನು ನಕ್ಕ. “ದೆವ್ವಕ್ಕೂ ನಿಮ್ಮ ಆಸ್ಪತ್ರೆ ಊಟ ರುಚಿಸಿರಬೇಕು, ಅದಕ್ಕೇ ಬಿಟ್ಟು ಹೋಗ್ತಿಲ್ಲ.” ಆಮೇಲೆ ದನಿ ಗಟ್ಟಿ ಮಾಡಿದ. “ನೆಪ ಹುಡುಕಬೇಡ ಕಣೆ. ಸಂಜೆ ಹಾಲು ಕರೆದು ಬರ್ತೀನಿ. ಅಮ್ಮನ ಬಟ್ಟೆ ಕಟ್ಟಿಡು.”

ಬಂದ. ಆಲೂಗೆಡ್ಡೆ ಸೂಪು ಅರ್ಧ ಕುಡಿದಿದ್ದ ಹುಲ್ಡಮ್ಮನನ್ನು ಎಬ್ಬಿಸಿ ಕಾರಿಗೆ ಹತ್ತಿಸಿದರು. ಅವಳು ಬಾಯಿಬಿಟ್ಟು ಒಂದು ಮಾತಾಡಿ ಎಷ್ಟೋ ತಿಂಗಳಾಗಿತ್ತು. ದಾರಿಯುದ್ದಕ್ಕೂ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಗುಡ್ಡ ಹತ್ತುವ ಹೊತ್ತಿಗೆ ಕತ್ತಲು ಇಳಿದಿತ್ತು. ಆರ್ನೋ ಅಂಗಳದಲ್ಲಿ ಕಾರು ನಿಲ್ಲಿಸಿ ಹಿಂದಕ್ಕೆ ಬಾಗಿದ.

“ಅಮ್ಮಾ, ಇಲ್ಲಿ ಚೆನ್ನಾಗಿ ನೋಡ್ಕೋತಾರೆ. ನಾನು ಭಾನುವಾರ ಬರ್ತೀನಿ.”

ಮುದುಕಿ ಬಾಗಿಲ ಹಿಡಿ ಬಿಗಿಯಾಗಿ ಹಿಡಿದಳು. ಬೆರಳ ಗಿಣ್ಣು ಬೆಳ್ಳಗಾದವು. ಬಾಯಿಂದ ಹೊರಟದ್ದು ಒಂದು ಪುಟ್ಟ ಹುಡುಗಿಯ ದನಿ.

“ಅಪ್ಪಾ, ಗಾಡಿ ತಿರುಗಿಸಬೇಡ. ಲೀನಾ ಇನ್ನೂ ನೀರು ಕುಡೀತಿದ್ದಾಳೆ.”

ಆರ್ನೋ ತಂಗಿಯ ಮುಖ ನೋಡಿದ. “ಯಾರು ಲೀನಾ?”

ಲೀನಾ ಅನ್ನುವ ಹೆಸರು ಅವರಿಬ್ಬರೂ ಹುಟ್ಟಿದಾಗಿಂದ ಆ ಮನೆಯಲ್ಲಿ ಕೇಳಿದ್ದಿಲ್ಲ. ವರ್ನಾ ಅಮ್ಮನ ಕಡೆ ವಾಲಿದಳು. “ಲೀನಾ ಯಾರಮ್ಮ?”

“ಅಕ್ಕ. ದಿನಾ ನನಗೆ ಜಡೆ ಹಾಕಿ ತುದಿಗೆ ಹುಲ್ಲು ಕಟ್ತಾಳೆ.” ಮುದುಕಿ ಕಣ್ಣು ಪಂಪಿನ ಮೇಲೆ. “ಅವಳಿಗೆ ಮೂರ್ಛೆ ಬರುತ್ತೆ. ಒಲೆ ಮೇಲೆ ಬಿದ್ದಿದ್ಲು... ಅಮ್ಮ ಇದ್ದಿದ್ರೆ ನೋಡ್ಕೋತಿದ್ಲು, ಅಮ್ಮ ಸತ್ತೋದ್ಲು. ಅಪ್ಪ ಅಂದ, ಬಾಯಾರಿಕೆ ಆಗಿದ್ರೆ ನೀರು ಕುಡಿದು ಬಾ ಹೋಗು ಅಂತ. ಅವಳು ಇಳಿದ್ಲು. ಅಪ್ಪ ಕುದುರೆಗೆ ಚಾವಟಿ ಬೀಸಿದ. ನಾನು ಗಾಡೀಲೇ ಇದ್ದೆ... ಕೂಗಲಿಲ್ಲ. ಕೂಗಿದ್ರೆ ನನ್ನನ್ನೂ ಇಳಿಸ್ತಾನೆ ಅಂತ...”

ಆಗ...

ಕ್ರೀ... ಟಕ್. ಕ್ರೀ... ಟಕ್.

“ಅಣ್ಣಾ, ಕೇಳಿಸ್ತಾ?”

“ಇಲ್ಲ,” ಅಂದ ಆರ್ನೋ. ಅನ್ನುತ್ತಲೇ ತನ್ನ ಕಡೆಯ ಕಿಟಕಿ ಗಾಜು ಬಿಗಿಯಾಗಿ ಏರಿಸಿಕೊಂಡ.

ಹುಲ್ಡಮ್ಮ ತಾನೇ ಬಾಗಿಲು ತೆರೆದುಕೊಂಡು ಇಳಿದಳು. ಅಷ್ಟು ದಿನ ಯಾರಾದರೂ ಹಿಡಿಯದೆ ಹೆಜ್ಜೆ ಇಡದವಳು ನೆಟ್ಟಗೆ ಪಂಪಿನ ಹತ್ತಿರ ನಡೆದಳು. ಏನೋ ಪಿಸುಗುಟ್ಟಿದಳು. ಮಾತು ಕೇಳಿಸಲಿಲ್ಲ, ದನಿ ಮಾತ್ರ ತಪ್ಪೊಪ್ಪಿಕೊಳ್ಳುವವರ ದನಿ. ಸದ್ದು ನಿಂತಿತು.

ವಾಪಸು ಬಂದಳು. ಒಂದು ಕೈ ಪಕ್ಕಕ್ಕೆ ಚಾಚಿತ್ತು, ಯಾರನ್ನೋ ಕರೆದುಕೊಂಡು ಬರುವವರ ಹಾಗೆ. ಕಾರಿನ ಹಿಂಬಾಗಿಲು ಅಗಲ ತೆರೆದು ಹಿಡಿದು ನಿಂತಳು. ಕಾದಳು. ಸೀಟಿನ ಸ್ಪ್ರಿಂಗು ಕಿರ್ ಅಂತು. ಕಾರು ಆ ಕಡೆಗೆ ಒಂಚೂರು ವಾಲಿತು. ಹುಲ್ಡಮ್ಮ ತಾನೂ ಹತ್ತಿ ಬಾಗಿಲು ಹಾಕಿಕೊಂಡಳು.

“ಈಗ ಹೋಗೋಣ,” ಅಂದಳು.

ಆರ್ನೋ ಎಂಜಿನ್ ಶುರು ಮಾಡಿದ. ಹಿಂದಿನ ಸೀಟು ಕಾಣುವ ಕನ್ನಡಿ ಕಡೆ ಕಣ್ಣೆತ್ತಲಿಲ್ಲ. ಕಾರು ತಿರುಗಿಸಿದವನು ವರ್ನಾ ಮನೆ ಮುಂದೆಯೇ ನಿಲ್ಲಿಸಿದ್ದು. ಅಮ್ಮ ಒಳಗೆ ಹೋಗುವ ತನಕ, ಮೊದಲು ಕಾರಿನದು ಆಮೇಲೆ ಮನೆಯದು, ಎರಡೂ ಬಾಗಿಲು ತಾನೇ ಹಿಡಿದುಕೊಂಡಿದ್ದ. ಆಮೇಲೆ ಅಂಗಳದಲ್ಲೇ ನಿಂತು ಟೋಪಿಯೊಳಗೆ ಮುಖ ಹುದುಗಿಸಿ ಅತ್ತ. ಅದನ್ನು ನಾನು ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದೆ.

ಅಮ್ಮನನ್ನು ಗುಡ್ಡಕ್ಕೆ ಕಳಿಸುವ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ. ಆರ್ನೋ ವಾರ ವಾರ ಬೆಣ್ಣೆ, ಮೊಟ್ಟೆ, ಸೌದೆ ತಂದು ಹಾಕುತ್ತಿದ್ದ. ವರ್ನಾ ಕೆಲಸಕ್ಕೆ ಹೋದಾಗ ನಾನು ಮುದುಕಿಯ ಹತ್ತಿರ ಕೂರುತ್ತಿದ್ದೆ. ನೆನಪು ಮರಳಿ ಬಂತು ಅಂತ ಹೇಳೋಕಾಗಲ್ಲ. ಆದರೆ ಆಮೇಲೆ ಅವಳು ರಾತ್ರಿ ಬೀದಿಗಿಳಿಯಲಿಲ್ಲ. ಯಾರ ಜೊತೆಯೋ ಮೆಲ್ಲಗೆ ಮಾತಾಡಿಕೊಂಡು, ನಡುನಡುವೆ ನಕ್ಕು, ನಿದ್ದೆ ಹೋಗುತ್ತಿದ್ದಳು. ಗುಡ್ಡದ ಮೇಲೂ ಆ ಸದ್ದನ್ನು ಮತ್ತೆ ಯಾರೂ ಕೇಳಲಿಲ್ಲ. ಸ್ಟ್ರೂಬಳೇ ಒಂದು ದಿನ ವರ್ನಾಗೆ ಹೇಳಿದಳಂತೆ, “ಈಗ ಕಿಟಕಿ ತೆಗೀತೀನಿ ಕಣೇ.”

ಮಾರನೇ ಚಳಿಗಾಲ, ಫೆಬ್ರವರಿಯಲ್ಲಿ, ಹುಲ್ಡಮ್ಮ ನಿದ್ದೆಯಲ್ಲೇ ಹೋದಳು. ಕಿಟಕಿಯ ಅರ್ಧದವರೆಗೆ ಹಿಮ ಬಿದ್ದಿತ್ತು. ವರ್ನಾ ಬಂದು ಕರೆದಳು, ಹೆಣಕ್ಕೆ ಸ್ನಾನ ಮಾಡಿಸೋಕೆ ನಾನು ಹೋದೆ. ಹಿಂದಿನ ಸಂಜೆ ಹುಲ್ಡಮ್ಮನ ಕೂದಲು ಕೆದರಿದ್ದನ್ನು ನಾನೇ ನೋಡಿದ್ದೆ. ಬಾಚಣಿಗೆ ಮುಟ್ಟಿಸಿದರೆ ಕೈ ಕಚ್ಚುತ್ತಿದ್ದ ಮುದುಕಿ. ಆ ರಾತ್ರಿ ವರ್ನಾ ಬಾಗಿಲಿಗೆ ಅಗುಳಿ ಹಾಕಿ ಪಕ್ಕದಲ್ಲೇ ಮಲಗಿದ್ದಳು.

ಬೆಳಿಗ್ಗೆ ಆ ಬಿಳಿಕೂದಲಿಗೆ ಬಿಗಿಯಾಗಿ, ಓರಣವಾಗಿ ಜಡೆ ಹೆಣೆದಿತ್ತು, ಸ್ಕೂಲಿಗೆ ಹೋಗುವ ಹುಡುಗಿಗೆ ಹಾಕುವ ಹಾಗೆ. ನಾನಲ್ಲ ಅಂದಳು ವರ್ನಾ. ನಾನಂತೂ ಅಲ್ಲ.

ನಂಬೋದು ಬಿಡೋದು ನಿಮ್ಮಿಷ್ಟ. ನಾನು ಸುಳ್ಳು ಹೇಳಿ ಏನು ಗಿಟ್ಟಿಸಬೇಕು? ಆ ಜಡೆಯನ್ನು ಬಿಚ್ಚಿದ್ದು ಇದೇ ಕೈ. ತುದಿಗೆ ಕಟ್ಟಿದ್ದು ದಾರ ಅಲ್ಲ, ರಿಬ್ಬನ್ ಅಲ್ಲ... ಒಂದು ಎಳೆ ಹುಲ್ಲು. ಹಸಿರು ಹುಲ್ಲು.