ಮುಚ್ಚಳದೊಳಗಿನ ಗುಬ್ಬಿ

ಬೇಡ ಚಿಕ್ಕಮ್ಮ, ನೀರು ಸಾಕು. ನೀನು ಕೂತ್ಕೋ, ಮೊದಲು ಈ ವಾಚು ನೋಡು. ಅಮ್ಮಂದು ಅಂತ ಗುರುತು ಸಿಕ್ತಲ್ಲ? ಸಿಗದೆ ಏನು... ಮಲಗುವಾಗಲೂ ಬಿಚ್ಚಿದವಳಲ್ಲ.

ಅವಳು ಹೋದಮೇಲೆ ಕೀ ಕೊಟ್ಟರೂ ನಡೀಲಿಲ್ಲ. ರಿಪೇರಿಗೆ ಒಯ್ದೆ. ಅಂಗಡಿಯವರು ಮುದುಕರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಇದು ಕೈಗೆ ಕಟ್ಟೋ ವಾಚೇ ಅಲ್ಲವಂತೆ. ನೂರು ವರ್ಷದ ಹಿಂದೆ ಹೆಂಗಸರು ಸರಕ್ಕೆ ನೇತುಹಾಕ್ಕೊಳ್ತಿದ್ದ ಗಡಿಯಾರವಂತೆ. ಆಮೇಲೆ ಯಾರೋ ಎರಡು ಕಡೆ ಕೊಂಡಿ ಬೆಸೆದು, ಕೈಗೆ ಕಟ್ಟೋ ಪಟ್ಟಿ ಹಾಕಿದಾರೆ. ಚಿನ್ನ ಮಾತ್ರ ನಿಜವಾದದ್ದು, ಒಳಗೆ ಮುದ್ರೆ ಇದೆ. ಯಾಕೆ ನಗ್ತೀಯ? ಅಪ್ಪನ ಸಂಬಳಕ್ಕೆ ಹಳೇದೇ ಗತಿ ಅಂತಲಾ? ಮದುವೆಗೆ ಮುಂಚೆ ಎಲ್ಲೋ ಹುಡುಕಿ ತಂದಿದ್ರಂತೆ. ಅಮ್ಮನೇ ಹೇಳ್ತಿದ್ದಳು.

ಒಳಮುಚ್ಚಳದಲ್ಲಿ ಒಂದು ಹೆಸರು ಕೆತ್ತಿಸಿದಾರೆ. ಓದು. ಕನ್ನಡಕ ತರ್ಲಾ? ಬೇಡ ಅಲ್ವಾ... ಗುಬ್ಬಿ. ನಿಮ್ಮ ಮನೇಲಿ ಗುಬ್ಬಿ ಅಂತ ಕರೆಸಿಕೊಂಡವಳು ಅಮ್ಮ ಅಲ್ಲ.

ಅಪ್ಪ ನಿನ್ನನ್ನ ಕೇಳ್ಕೊಂಡು ಬಂದಾಗ ನಿಮ್ಮ ಮನೆಯವರು, ದೊಡ್ಡವಳು ಇರುವಾಗ ಚಿಕ್ಕವಳನ್ನ ಹೇಗೆ ಕೊಡೋದು ಅಂದಿರ್ತಾರೆ. ಅಪ್ಪ ತಲೆ ಆಡಿಸಿರ್ತಾರೆ. ಅವರು ಯಾವುದಕ್ಕೆ ಆಡಿಸಲಿಲ್ಲ ಹೇಳು. ಹುಡುಗಿ ಬದಲಾದಳು, ವಾಚು ಬದಲಾಗಲಿಲ್ಲ.

ಅಮ್ಮನಿಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಮುದುಕರು ಮುಚ್ಚಳದ ಅಂಚು ತೋರಿಸಿದ್ರು. ಬರೀ ಗೀರು. ಇದು ರಿಪೇರಿಯವರ ಕೈ ಅಲ್ಲ, ಪಿನ್ನೋ ಸೂಜಿಯೋ ಹಾಕಿ ಯಾರೋ ಮನೇಲೇ ಮತ್ತೆ ಮತ್ತೆ ತೆಗೆದು ನೋಡಿದಾರೆ ಅಂದ್ರು. ತಂಗಿ ಹೆಸರು ಮೈಗೆ ಒತ್ತಿಕೊಂಡು ಸಂಸಾರ ಮಾಡಿದಳು ಚಿಕ್ಕಮ್ಮ. ಅಕ್ಕ ಮನೆ ಹತ್ತಿರ ಸೇರಿಸಲಿಲ್ಲ ಅಂತ ನಿನಗೆ ಸಿಟ್ಟು. ಅವಳ ಹೊಟ್ಟೆಯೊಳಗೆ ಏನಿತ್ತೋ ಯಾರು ಕೇಳಿದ್ರು?

ತಗೋ. ನಿಂದೇ ತಾನೆ. ಇದನ್ನ ಕೊಡೋಕಂತಲೇ ಬಂದೆ, ಬೇರೆ ಏನೂ ಇಲ್ಲ... ಯಾಕೆ ಕೈ ಹಿಂದಕ್ಕೆ ತಗೊಳ್ತೀಯ? ವಾಚು ಬೇಡವಾ? ಮತ್ತೇನು ಬೇಕು?

ಹಾಗೆ ನೋಡಬೇಡ. ಆಸ್ಪತ್ರೆಯಲ್ಲಿ ಅಮ್ಮನಿಗೆ ಪ್ರಜ್ಞೆ ಇರಲಿಲ್ಲ, ಅದಕ್ಕೇ ನಿನಗೆ ತಿಳಿಸಲಿಲ್ಲ. ಅವತ್ತೇ ಹೇಳಿದೀನಲ್ಲ. ನೀನು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು, ಅದಕ್ಕೆ ನಾನೇನು ಮಾಡಲಿ?

ಸರಿ, ನಡುನಡುವೆ ಎಚ್ಚರ ಆಗ್ತಿತ್ತು. ಆದ್ರೇನು? ಜ್ವರದಲ್ಲಿ ಬಡಬಡಿಸೋರ ಬಾಯಲ್ಲಿ ಯಾರ್ಯಾರದೋ ಹೆಸರು ಬರುತ್ತೆ. ಅದನ್ನೆಲ್ಲ ಲೆಕ್ಕಕ್ಕೆ ತಗೊಳ್ಳೋಕಾಗುತ್ತಾ... ಫೋನ್ ಮಾಡ್ತಾ ಕೂರೋಕೆ ಪುರುಸೊತ್ತು ಯಾರಿಗಿತ್ತು?

ಏನಾದ್ರೂ ಅನ್ನು ಚಿಕ್ಕಮ್ಮ. ಬೈದುಬಿಡು. ಇಲ್ಲಾ ಬಾಯಿಬಿಟ್ಟು ಕೇಳು, 'ಅಕ್ಕ ನನ್ನನ್ನ ಕೇಳಿದಳಾ' ಅಂತ. ಕೇಳಿದ್ರೆ ಇಲ್ಲ ಅಂದುಬಿಡ್ತೀನಿ. ನೀನು ಹೀಗೆ ಸುಮ್ಮನೆ ಕೂತರೆ... ನಾನು ಹೇಗೆ ಇಲ್ಲ ಅನ್ನಲಿ?